ಹಳೇ ಸ್ವಿಫ್ಟ್ ಡೀಸೆಲ್‌ಗೆ ರೀಮ್ಯಾಪ್ ಮಾಡಿಸಿದ ಒಂಬತ್ತು ತಿಂಗಳ ಕಥೆ

ಶನಿವಾರ ಇನ್ಶೂರೆನ್ಸ್‌ನೋರ ಎಂಡಾರ್ಸ್‌ಮೆಂಟ್ (ಪಾಲಿಸಿ ತಿದ್ದಿದ ಪತ್ರ) ಮೇಲ್‌ಗೆ ಬಂತು, ಅಲ್ಲಿಗೆ ನನ್ನ ಸ್ವಿಫ್ಟ್ ಪುರಾಣ ಸದ್ಯಕ್ಕೆ ಒಂದು ದಡ ಸೇರ್ತು. ಡಿಸೆಂಬರ್‌ನಲ್ಲಿ ಗಾಡಿ ತಗೊಂಡಿದ್ದು, ಈಗ ಸೆಪ್ಟೆಂಬರ್. ಮಧ್ಯದಲ್ಲಿ ಆರ್‌ಟಿಓ, ಬ್ಯಾಂಕು, ಗ್ಯಾರೇಜು, ಗುಜರಿ, ಎಮಿಷನ್ ಸೆಂಟರು ಎಲ್ಲಾ ಸುತ್ತಿ ಆಯ್ತು, ಗಾಡಿ ರೇಟ್ ಬಿಟ್ಟು ಮೇಲೆ 77 ಸಾವಿರ ಚಿಲ್ರೆ ಖರ್ಚು. ರೀಮ್ಯಾಪ್ ಮಾಡಿಸಿ, ಅಂದ್ರೆ ಎಂಜಿನ್ನಿನ ಕಂಪ್ಯೂಟರ್ ತಿದ್ದಿಸಿ, ಕಮ್ಮಿ ದುಡ್ಡಲ್ಲಿ ಪಿಕಪ್ ಜಾಸ್ತಿ ಮಾಡಿಸ್ಬೇಕು ಅಂತ ಓಡಾಡ್ತಿರೋರು ಯಾರಾದ್ರೂ ಇದ್ರೆ ಇದನ್ನ ಓದ್ಕೊಳಿ, ನಾನು ಮಾಡಿದ ಕೆಲಸ ತಪ್ಪಲ್ಲ, ಮಾಡಿದ ಆರ್ಡರ್ ಮಾತ್ರ ಪೂರ್ತಿ ಉಲ್ಟಾ.

ಗಾಡಿ 2014ರ ಸ್ವಿಫ್ಟ್ ವಿಡಿಐ, ತುಮಕೂರು ಕಡೆಯೋರ ಹತ್ರ ತಗೊಂಡೆ, ಓಡಿದ್ದು 1,08,000 ಕಿಮೀ, ಕೊಟ್ಟಿದ್ದು 3,40,000. ಇದೇ ಯಾಕೆ ಅಂದ್ರೆ ಆ ಎಂಜಿನ್ನು. 1248 ಸಿಸಿ, ಫಿಯಟ್‌ನೋರ ಮಲ್ಟಿಜೆಟ್, 75 ಪಿಎಸ್ ಪವರ್, 190 ಎನ್‌ಎಂ ಟಾರ್ಕ್ (ಎಳೆಯೋ ಬಲ). ಡಿಸೈರು, ರಿಟ್ಜು, ವಿಸ್ಟಾ, ಪುಂಟೋ, ಲೀನಿಯಾ ಅಂತ ಕಂಡ ಕಂಡ ಗಾಡಿಗೆಲ್ಲಾ ಇದೇ ಎಂಜಿನ್ ಹಾಕಿದ್ರು, ಅದಕ್ಕೇ ನ್ಯಾಷನಲ್ ಎಂಜಿನ್ ಅಂತ ತಮಾಷೆ ಮಾಡ್ತಿದ್ದಿದ್ದು. 2020 ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಮಾರುತಿ ಡೀಸೆಲ್ಲೇ ನಿಲ್ಲಿಸ್ತು, ಆದ್ರೂ ಪಾರ್ಟ್ಸ್ ಎಲ್ಲಾ ಊರಲ್ಲೂ ಸಿಗತ್ತೆ, ಯಾವ ಮೆಕ್ಯಾನಿಕ್ ಆದ್ರೂ ಕಣ್ಮುಚ್ಚಿ ಬಿಚ್ತಾನೆ. ಓಡಿಸಿದೋರಿಗೆ ಗೊತ್ತಿರತ್ತೆ, 2000 ಆರ್‌ಪಿಎಂ ತನಕ ಏನೂ ಇರಲ್ಲ, ದಾಟಿದ ತಕ್ಷಣ ಯಾರೋ ಹಿಂದಿನಿಂದ ತಳ್ಳಿದಂಗೆ. ಆ ತಳ್ಳೋದು ಇನ್ನೂ ಸ್ವಲ್ಪ ಜಾಸ್ತಿ ಬೇಕು ಅನ್ನೋ ಚಪಲ, ಅಷ್ಟೇ ನಂದು.

ಮೊದಲ ಏಟು ಪೇಪರ್‌ದು. ಮಾರಿದೋರು ಲೋನ್ 2019ರಲ್ಲೇ ತೀರ್ಸಿದಾರೆ, ಆದ್ರೆ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಹಂಗೇ ಕೂತಿದೆ. ಎನ್‌ಒಸಿ ಇದೆಯಲ್ಲ ಸಾರ್ ಅಂತ ಬ್ಯಾಂಕ್‌ನೋರು ಲೋನ್ ತೀರಿದೆ ಅಂತ ಕೊಟ್ಟಿದ್ದ, ಲ್ಯಾಮಿನೇಷನ್ ಮಾಡಿಸಿಟ್ಟಿದ್ದ ಲೆಟರ್ ತೋರಿಸಿದ್ರು, ನಾನೂ ಸರಿ ಅಂತ ಟೋಕನ್ ಅಡ್ವಾನ್ಸ್ ಕೊಟ್ಬಿಟ್ಟೆ. ಆ ಲೆಟರ್‌ಗೆ ಮೂರು ತಿಂಗಳು ವ್ಯಾಲಿಡಿಟಿ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಅದರಲ್ಲೇ ಬರೆದಿತ್ತು, ಇಬ್ರೂ ನೋಡಿಲ್ಲ. ಬ್ಯಾಂಕ್‌ಗೆ ಹೋದ್ರೆ ಅವರ ಹಳೇ ಬ್ರಾಂಚೇ ಇಲ್ಲ, ಇನ್ನೊಂದರ ಜೊತೆ ಸೇರ್ಕೊಂಡಿದೆ, ಫೈಲ್ ಎಲ್ಲಿದೆ ಗೊತ್ತಿಲ್ಲ, ಮ್ಯಾನೇಜರ್ ಟ್ರಾನ್ಸ್‌ಫರ್, ನಾಳೆ ಬನ್ನಿ. ಹೊಸ ಎನ್‌ಒಸಿ ಮತ್ತೆ ಸೀಲ್ ಹಾಕಿದ ಫಾರಂ 35 (ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸೋ ಅರ್ಜಿ) ಕೈಗೆ ಬರೋಷ್ಟರಲ್ಲಿ 26 ದಿನ. ಆಮೇಲೆ ಗಾಡಿ ನನ್ನ ಹೆಸರಿಗೆ ಮಾಡಿಸೋಕೆ ಫಾರಂ 29, 30, ಆಧಾರ್, ಎಮಿಷನ್ ಸರ್ಟಿಫಿಕೇಟ್, ಇನ್ಶೂರೆನ್ಸ್ ಕಾಪಿ. ಎಲ್ಲಾ ಪರಿವಾಹನ್ ವೆಬ್‌ಸೈಟಲ್ಲೇ ಹಾಕ್ಬೋದು ಅಂತಾರೆ, ಹಾಕಿದೆ, ಕೊನೆಗೆ ಮಾರಿದೋರ ಮೊಬೈಲ್‌ಗೆ ಓಟಿಪಿ ಹೋಗತ್ತೆ, ಅವರ ಆರ್‌ಸಿಗೆ ಲಿಂಕ್ ಆಗಿದ್ದ ನಂಬರ್ ಯಾವ್ದೋ ಷೋರೂಂ ಹುಡುಗಂದು! ಅದನ್ನ ಬದಲಾಯಿಸೋಕೆ ಇನ್ನೊಂದು ವಾರ. ಗಾಡಿ ನೋಡೋಕೆ ಹೋದಾಗ ಬಾನೆಟ್ ಎತ್ತೋಕೂ ಮುಂಚೆ ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿ ಹೈಪಾಥಿಕೇಷನ್ (ಲೋನ್ ಕೊಟ್ಟ ಬ್ಯಾಂಕ್ ಹೆಸರು) ಇದೆಯಾ ನೋಡಿ, ಇದ್ರೆ ಅದು ತೆಗೆದ ಮೇಲೇ ಬಾಕಿ ದುಡ್ಡು ಅಂತ ಖಡಾಖಂಡಿತ ಹೇಳ್ಬಿಡಿ.

ಇನ್ಶೂರೆನ್ಸ್‌ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸ್ಕೊಳೋಕೆ ಅರ್ಜಿ ಹಾಕ್ಬೇಕು. ಅವರ ನೋ ಕ್ಲೈಮ್ ಬೋನಸ್ ನಿಮಗೆ ಬರಲ್ಲ, ಆ ಡಿಫರೆನ್ಸ್ ನೀವೇ ಕಟ್ಬೇಕು.

ಫೆಬ್ರವರಿ ಕೊನೆಗೆ ಆರ್‌ಸಿ ಬಂತು. ಈಗ ನಾಚಿಕೆ ವಿಷಯ ಹೇಳ್ತೀನಿ. ಆನ್‌ಲೈನಲ್ಲಿ 450 ರೂಪಾಯಿಗೆ ಒಂದು ಚಿಪ್ ಬರತ್ತೆ, ಸ್ಟಿಯರಿಂಗ್ ಕೆಳಗಿರೋ ಓಬಿಡಿ ಸಾಕೆಟ್‌ಗೆ (ಮೆಕ್ಯಾನಿಕ್ ಸ್ಕ್ಯಾನರ್ ಹಾಕೋ ಜಾಗ) ಸಿಗಿಸಿದ್ರೆ 35 ಪರ್ಸೆಂಟ್ ಪವರ್ ಜಾಸ್ತಿ ಅಂತ ಬರೆದಿರ್ತಾರೆ. ಸುಳ್ಳು ಅಂತ ಗೊತ್ತು, ಆದ್ರೂ 450 ತಾನೇ ಅಂತ ತರಿಸಿದೆ. ಲೈಟ್ ಮಾತ್ರ ಸಖತ್ತಾಗಿ ಮಿಣಮಿಣ ಅಂತಿತ್ತು. ಎರಡು ದಿನ ಗಾಡಿ ಚೆನ್ನಾಗಿ ಎಳೀತಿದೆ ಅಂತಲೇ ಅನ್ನಿಸ್ತು, ಮನಸ್ಸು ಎಂಥಾ ಕಳ್ಳ ನೋಡಿ. ಮೂರನೇ ದಿನ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿ ನೋಡಿದ್ರೆ ಒಳಗೆ ಉಗುರಿನಷ್ಟು ಬೋರ್ಡು, ಒಂದು ಬಟನ್ನು, ಮೂರು ಎಲ್‌ಇಡಿ, ಗಾಡಿ ಜೊತೆ ಮಾತಾಡೋ ಪಿನ್ನಿಗೆ ವೈರೇ ಕೂಡಿಸಿಲ್ಲ.

ಸರಿ, ರೀಮ್ಯಾಪೇ ಮಾಡ್ಸೋಣ ಅಂತ ಒಬ್ಬ ಟ್ಯೂನರ್ ಹುಡುಗನ್ನ ಹಿಡಿದೆ. ರೀಮ್ಯಾಪ್ ಅಂದ್ರೆ ಗೊತ್ತಿಲ್ದೋರಿಗೆ: ಎಂಜಿನ್ ಕಂಟ್ರೋಲ್ ಮಾಡೋ ಇಸಿಯು ಒಳಗೆ ಎಷ್ಟು ಆರ್‌ಪಿಎಂಗೆ ಎಷ್ಟು ಡೀಸೆಲ್, ಎಷ್ಟು ಟರ್ಬೋ ಪ್ರೆಷರ್ (ಎಂಜಿನ್‌ಗೆ ಗಾಳಿ ಒತ್ತಿ ತುಂಬೋದೇ ಟರ್ಬೋ) ಅಂತ ಟೇಬಲ್ ಇರತ್ತೆ, ಅದನ್ನ ಲ್ಯಾಪ್‌ಟಾಪ್‌ನಲ್ಲಿ ತೆಗೆದು ತಿದ್ದಿ ವಾಪಸ್ ತುಂಬೋದು. ಟ್ಯೂನಿಂಗ್ ಬಾಕ್ಸ್ ಅನ್ನೋದು ಬೇರೆ, ಅದು ಡೀಸೆಲ್ ಪ್ರೆಷರ್ ಅಳೆಯೋ ರೈಲ್ ಪ್ರೆಷರ್ ಸೆನ್ಸರ್‌ನ ಲೆಕ್ಕ ತಿರುಚಿ ಇಸಿಯುಗೆ ಸುಳ್ಳು ಹೇಳಿ ಇಂಜೆಕ್ಟರ್‌ಗೆ ಜಾಸ್ತಿ ಪ್ರೆಷರ್ ಹೋಗೋ ಹಂಗೆ ಮಾಡತ್ತೆ, ಬೇಡ ಅನ್ನಿಸಿದ ದಿನ ಕಿತ್ತಿಟ್ಕೋಬೋದು ಅನ್ನೋದೊಂದೇ ಅನುಕೂಲ. ಹುಡುಗ 16,000 ಅಂದ, 95ರ ಹತ್ರ ಪವರ್, 235 ಟಾರ್ಕ್ ಬರತ್ತೆ ಅಂದ. ನಾನು ಡೈನೋ (ಪವರ್ ಅಳೆಯೋ ಮಷಿನ್) ಮೇಲೆ ಹಾಕ್ಸಿಲ್ಲ, ಹಾಗಾಗಿ ಅದು ಅವನ ಲೆಕ್ಕ ಅಂತಲೇ ಇಟ್ಕೊಳಿ.

ಆದ್ರೆ ಆ ಹುಡುಗಂಗೆ ಒಂದು ನಮಸ್ಕಾರ ಹಾಕ್ಬೇಕು. ದುಡ್ಡು ತಗೊಂಡು ತುಂಬಿ ಕಳಿಸ್ಬೋದಿತ್ತು, ಮೊದಲು ಲ್ಯಾಪ್‌ಟಾಪ್ ಹಾಕಿ ರೋಡ್‌ನಲ್ಲಿ ಲಾಗ್ ತೆಗೆದ. "ಅಣ್ಣ, ಟರ್ಬೋ ಕೇಳ್ತಿರೋ ಪ್ರೆಷರೇ ಬರ್ತಿಲ್ಲ, ಎಲ್ಲೋ ಲೀಕ್ ಇದೆ, ಮೊದ್ಲು ಅದು ಸರಿ ಮಾಡಿಸ್ಕೊಂಡ್ ಬನ್ನಿ, ಇದರ ಮೇಲೆ ಮ್ಯಾಪ್ ಹಾಕಿದ್ರೆ ಬರೀ ಹೊಗೆ ಬರತ್ತೆ" ಅಂದ. ಒಂದು ದಿನ ರಜಾ ದಂಡ ಅಂತ ಬೈಕೊಂಡೇ ವಾಪಸ್ ಬಂದೆ.

ನಮ್ಮ ಗ್ಯಾರೇಜ್ ಭಾಯ್ ಬಾನೆಟ್ ಎತ್ತಿ ಐದು ನಿಮಿಷ ಬರೀ ಬೆರಳಾಡಿಸಿದ್ರು. ಟರ್ಬೋ ಗಾಳಿ ಹೋಗೋ ರಬ್ಬರ್ ಹೋಸ್ ಕೆಳಭಾಗದಲ್ಲಿ ಕೈ ಹಾಕಿ ತೆಗೆದು ತೋರಿಸಿದ್ರೆ ಬೆರಳ ತುಂಬಾ ಕರಿ ಎಣ್ಣೆ. "ನೋಡಿ ಸಾರ್, ಮೇಲಿಂದ ಕಾಣಲ್ಲ" ಅಂತ ಹೋಸ್ ಬಿಚ್ಚಿ ಎರಡೂ ಕೈಲಿ ಬಗ್ಗಿಸಿದ್ರು, ಕ್ಲಿಪ್ ಪಕ್ಕದಲ್ಲೇ ಮೀನಿನ ಬಾಯಿ ತರ ಸೀಳು ತೆಗ್ದುಕೊಳ್ತು, ಬಿಟ್ಟ ತಕ್ಷಣ ಮುಚ್ಕೊಳ್ತು. ನಿಂತಾಗ ಏನೂ ಇಲ್ಲ, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಟರ್ಬೋ ಗಾಳಿ ಎಲ್ಲಾ ಅಲ್ಲಿಂದ ಆಚೆ. ಹೋಸ್ 2,200, ಲೇಬರ್ 800. ಕೈ ಹಾಕಿದ್ದೇ ಹಾಕಿದ್ದು ಅಂತ ಇಜಿಆರ್ (ಹೊಗೆಯ ಒಂದು ಪಾಲು ವಾಪಸ್ ಎಂಜಿನ್‌ಗೆ ಕಳಿಸೋ ವಾಲ್ವ್) ಕ್ಲೀನ್ ಮಾಡಿದ್ರು, ಅದರೊಳಗೆ ಡಾಂಬರ್ ತರ ಮಸಿ ಗಟ್ಟಿಯಾಗಿ ಕೂತಿತ್ತು, ಆಯಿಲು, ಏರ್ ಫಿಲ್ಟರು, ಡೀಸೆಲ್ ಫಿಲ್ಟರು ಸೇರಿ 7,500.

ಅವತ್ತು ರಾತ್ರಿ ಮನೆಗೆ ಬರ್ತಾ ಇದು ನನ್ನ ಗಾಡೀನೇನಾ ಅನ್ನಿಸ್ತು. ಮೂರನೇ ಗೇರಲ್ಲಿ 40ರಿಂದ 80ಕ್ಕೆ ಮೊದ್ಲು ಹೆಚ್ಚು ಕಮ್ಮಿ ಹತ್ತು ಸೆಕೆಂಡ್ ತಗೋತಿತ್ತು, ಹೋಸ್ ಹಾಕಿದ ಮೇಲೆ ಏಳೂವರೆ (ಖಾಲಿ ರೋಡ್‌ನಲ್ಲಿ ಪಕ್ಕದಲ್ಲಿ ಕೂತ ಫ್ರೆಂಡ್ ಮೊಬೈಲಲ್ಲಿ ವಿಡಿಯೋ ಮಾಡಿ ನೋಡಿದ ಲೆಕ್ಕ). ಮೂರು ಸಾವಿರಕ್ಕೆ! ಬುದ್ಧಿ ಇದ್ದಿದ್ರೆ ಅಲ್ಲೇ ನಿಲ್ಲಿಸಿ ಟೈರ್ ಕಡೆ ನೋಡ್ಬೇಕಿತ್ತು. ನಾನು ನೋಡಿದ್ದು ಟ್ಯೂನರ್ ನಂಬರು.

ಏಪ್ರಿಲ್‌ನಲ್ಲಿ ಮ್ಯಾಪ್ ಹಾಕಿಸಿದೆ. 40 ನಿಮಿಷದ ಕೆಲಸ. ಬ್ಯಾಟರಿಗೆ ಚಾರ್ಜರ್ ಕೊಟ್ಟು, ಎಸಿ ಲೈಟು ಎಲ್ಲಾ ಆಫ್ ಮಾಡಿ ಹಾಕ್ತಾರೆ, ಮಧ್ಯದಲ್ಲಿ ವೋಲ್ಟೇಜ್ ಬಿದ್ರೆ ಇಸಿಯು ಸತ್ತೇ ಹೋಗೋ ಚಾನ್ಸ್ ಇರತ್ತೆ, ಹಾಗಾಗಿ ಚಾರ್ಜರ್ ಕೊಡದೆ ಹಾಕ್ತೀನಿ ಅನ್ನೋನ ಹತ್ರ ಹೋಗ್ಲೇಬೇಡಿ. ಒರಿಜಿನಲ್ ಫೈಲ್‌ನ ನಿಮ್ಮ ಪೆನ್‌ಡ್ರೈವ್‌ಗೆ ಹಾಕಿಸ್ಕೊಳಿ, ನಾಳೆ ಅವನು ಅಂಗಡಿ ಮುಚ್ಚಿದ್ರೂ ಬೇರೆ ಯಾರಾದ್ರೂ ವಾಪಸ್ ತುಂಬ್ತಾರೆ. ಎಳೆತ ಹೆಂಗಿತ್ತು ಅಂದ್ರೆ, 1600ರಿಂದಲೇ ಎದ್ದೇಳತ್ತೆ, 40-80 ಆರು ಸೆಕೆಂಡ್ ಆಸುಪಾಸು. ಒಂದು ವಾರ ಪೂರ್ತಿ ಸಣ್ಣ ಹುಡುಗರ ತರ ಓಡಿಸಿದೆ, ಸಿಗ್ನಲ್ ಬಿಟ್ಟ ತಕ್ಷಣ ಚಿಮ್ಮೋದು, ಕಂಡೋರನ್ನೆಲ್ಲಾ ಓವರ್‌ಟೇಕ್ ಮಾಡೋದು. 19 ಕೊಡ್ತಿದ್ದ ಮೈಲೇಜು 16ಕ್ಕೆ ಇಳೀತು. ಮೈಸೂರು ಹೈವೇಲಿ ಕ್ಯಾಮೆರಾ ಹಿಡಿದು ಸಾವಿರ ರೂಪಾಯಿ ಚಲನ್ ಬಂತು, 100ರ ಲಿಮಿಟ್ ಅಲ್ಲಿ, ನಂದು 113. ಕರ್ನಾಟಕದಲ್ಲಿ 2024ರ ಆಗಸ್ಟ್‌ನಿಂದ 130 ದಾಟಿದ್ರೆ ಎಫ್‌ಐಆರೇ ಹಾಕ್ತಾರೆ, ಅದು ತಲೇಲಿರಲಿ. ಚಲನ್ ಮೆಸೇಜ್ ಮನೆಯವಳು ನೋಡಿ ಒಂದೂ ಮಾತಾಡ್ದೆ ಫೋನ್ ಟೇಬಲ್ ಮೇಲಿಟ್ಟು ಹೋದ್ಲು, ಬೈದಿದ್ರೇ ವಾಸಿ ಇತ್ತು.

ಮೇನಲ್ಲಿ ಎಮಿಷನ್ ಸರ್ಟಿಫಿಕೇಟ್ ಮುಗೀತು. ಡೀಸೆಲ್ ಗಾಡಿಗೆ ಪೆಟ್ರೋಲ್ ತರ ಐಡಲ್‌ನಲ್ಲಿ ನೋಡಲ್ಲ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಒತ್ತಿ ಬಿಟ್ಟು ಹೊಗೆ ಎಷ್ಟು ದಟ್ಟ ಇದೆ ಅಂತ ಅಳೀತಾರೆ, ಬಿಎಸ್4 ಗಾಡಿಗೆ 50 ಎಚ್‌ಎಸ್‌ಯು ಲಿಮಿಟ್ಟು. ಮೊದಲ ಸಲ ಒತ್ತಿದಾಗಲೇ ಹಿಂದೆ ನಿಂತಿದ್ದ ಆಕ್ಟಿವಾದೋನು ಮೂಗು ಮುಚ್ಕೊಂಡು ಪಕ್ಕಕ್ಕೆ ಹೋದ. ಬಂದಿದ್ದು 68, ಫೇಲ್. ಸೆಂಟರ್ ಹುಡುಗ "ಏನ್ ಸಾರ್ ಚಿಪ್ ಹಾಕ್ಸಿದೀರಾ?" ಅಂತ ನಕ್ಕ, ದಿನಕ್ಕೆ ನೂರು ಗಾಡಿ ನೋಡೋನಿಗೆ ಗೊತ್ತಾಗ್ದೆ ಇರತ್ತಾ. ಇನ್ನೊಬ್ಬ ಬಂದು ಜಾಸ್ತಿ ದುಡ್ಡು ಕೊಟ್ರೆ ಬೇರೆ ದಾರಿ ಇದೆ ಅನ್ನೋ ತರ ಮಾತೆತ್ತಿದ, ಬೇಡಪ್ಪ ಅಂತ ಬಂದೆ. ಹೊಗೆ ಬರ್ತಿದೆ ಅಂದ್ರೆ ಒಳಗಿರೋ ಗಾಳಿ ಸುಡೋಕಾಗೋದಕ್ಕಿಂತ ಡೀಸೆಲ್ ಜಾಸ್ತಿ ಹೋಗ್ತಿದೆ, ಸುಡದೇ ಇರೋದು ಮಸಿಯಾಗಿ ಇಜಿಆರ್‌ನಲ್ಲಿ, ಟರ್ಬೋದಲ್ಲಿ ಕೂರತ್ತೆ, ಅಂದ್ರೆ ನಾನು 7,500 ಕೊಟ್ಟು ತೊಳೆಸಿದ್ದನ್ನ 16,000 ಕೊಟ್ಟು ಮತ್ತೆ ಕೊಳೆ ಮಾಡಿಸ್ತಿದೀನಿ. ಟ್ಯೂನರ್ ಹತ್ರ ಹೋದ್ರೆ ಪಾಪ ದುಡ್ಡು ಕೇಳ್ದೆ ಕೆಳಗಿನ ಆರ್‌ಪಿಎಂನಲ್ಲಿ ಡೀಸೆಲ್ ಕಮ್ಮಿ ಮಾಡಿ ಹೊಸ ಫೈಲ್ ತುಂಬಿದ. ಎಳೆತ ಕೂದಲೆಳೆಯಷ್ಟು ಕಮ್ಮಿ ಆಯ್ತು, ಹೊಗೆ 31ಕ್ಕೆ ಬಂತು, ಪಾಸ್. ರೀಮ್ಯಾಪ್ ಮಾಡಿಸೋರು ಹೊಗೆ ಟೆಸ್ಟ್ ಪಾಸ್ ಆಗೋ ತನಕ ಫೈಲ್ ತಿದ್ದಿಕೊಡ್ತೀಯಾ ಅಂತ ದುಡ್ಡು ಕೊಡೋಕೆ ಮುಂಚೆ ಬಾಯಿಬಿಟ್ಟು ಕೇಳಿ.

ಜೂನ್‌ನಲ್ಲಿ ಊರಿಗೆ ಹೊರಟಿದ್ದು, ಸಕಲೇಶಪುರ ದಾಟಿ ಶಿರಾಡಿ ಕಡೆ. ಪಕ್ಕದಲ್ಲಿ ಚಿಕ್ಕಪ್ಪ, ಕೆಎಸ್ಆರ್‌ಟಿಸೀಲಿ ಡ್ರೈವರ್ ಆಗಿ ರಿಟೈರ್ ಆದೋರು. ಹನಿ ಮಳೆ, ರಸ್ತೆ ಮೇಲೆ ಕೆಸರಿನ ಪಸೆ. ವಾಪಸ್ ಹತ್ತೋವಾಗ ಮುಂದೆ ಒಂದು ಟ್ಯಾಂಕರ್, ತಿರುವು ಮುಗಿದು ರಸ್ತೆ ಖಾಲಿ ಕಾಣ್ತು, ಎರಡನೇ ಗೇರಿಗೆ ಹಾಕಿ ಒತ್ತಿದೆ. ಗಾಡಿ ಮುಂದೆ ಹೋಗೋ ಬದಲು ಮುಂದಿನ ಚಕ್ರ ಕರ್ರ್ ಅಂತ ಅಲ್ಲೇ ತಿರುಗ್ತು, ಸ್ಟಿಯರಿಂಗ್ ಕೈಲಿ ಹಗುರ ಆಗಿ ಗಾಡಿ ನೇರ ಬಲಕ್ಕೆ ಜಾರ್ತು. ಕಾಲು ತೆಗೆದೆ, ಹಿಡಿತ ಬಂತು. ಎದುರಿಗೆ ಏನೂ ಬರ್ತಿರ್ಲಿಲ್ಲ, ಅದೊಂದೇ ನಮ್ಮ ಪುಣ್ಯ. ಚಿಕ್ಕಪ್ಪ ಎರಡು ಕಿಲೋಮೀಟರ್ ಮಾತಾಡ್ಲಿಲ್ಲ. ಆಮೇಲೆ "ಟೀ ಕುಡಿಯಣ ನಿಲ್ಲಿಸೋ" ಅಂದ್ರು.

ಟೀ ಅಂಗಡಿ ಮುಂದೆ ಬಗ್ಗಿ ಟೈರ್ ನೋಡಿದ್ರು. ಬಟನ್ (ಟೈರ್ ಮೇಲಿನ ಉಬ್ಬು) ಚೆನ್ನಾಗೇ ಇದೆಯಲ್ಲ ಅಂದೆ ನಾನು. ಅವರು ಉಗುರಿಂದ ರಬ್ಬರ್ ಒತ್ತಿ "ಕಲ್ಲಾಗಿದೆ ಕಣೋ ಇದು, ಬಟನ್ ಕಟ್ಕೊಂಡು ಏನ್ ಮಾಡ್ತೀಯ" ಅಂದ್ರು. ಟೈರ್ ಪಕ್ಕದಲ್ಲಿ ಡಾಟ್ ಅಂತ ಬರೆದಿರೋ ಸಾಲಿನ ಕೊನೆಗೆ ನಾಲ್ಕು ಅಂಕಿ ಇರತ್ತೆ, ನಂದು 3217, ಅಂದ್ರೆ 2017ರ 32ನೇ ವಾರ. ಗಾಡಿ ತಗೊಳೋವಾಗ ಎಂಜಿನ್ ಸೌಂಡ್ ಹತ್ತು ಸಲ ಕೇಳಿದ್ದ ನಾನು ಈ ನಾಲ್ಕು ಅಂಕಿ ಒಂದು ಸಲನೂ ಓದಿರ್ಲಿಲ್ಲ.

ಅಲ್ಲಿಂದ ಮನೆ ತನಕ ಪಾಠ. "ಕ್ಲಚ್ ಮೇಲಿಂದ ಕಾಲ್ ತೆಗಿ, ಅದೇನು ಕಾಲ್ಮಣೆನಾ?" ಅಂತ ನಾಲ್ಕು ಸಲ ಹೇಳಿದ್ರು, ನಾನು ಕಾಲಿಟ್ಟಿದೀನಿ ಅಂತಲೇ ನನಗೆ ಗೊತ್ತಿಲ್ಲ. ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರು, ಬ್ರೇಕ್ ಮೇಲೇ ಇಳೀಬೇಡ ಅಂದ್ರು. ಹೈವೇಲಿ ಓಡಿಸಿ ಬಂದು ತಕ್ಷಣ ಆಫ್ ಮಾಡ್ಬೇಡ, ಅರ್ಧ ನಿಮಿಷ ಬಿಡು, ಟರ್ಬೋ ತಣ್ಣಗಾಗ್ಲಿ ಅಂತ ನಾನು ಅವರಿಗೆ ಹೇಳೋ ಬದಲು ಅವರೇ ನನಗೆ ಹೇಳಿದ್ರು. ನಾಲ್ಕನೇ ಗೇರಲ್ಲಿ 1300 ಆರ್‌ಪಿಎಂಗೆ ಒತ್ತಿ ಎಂಜಿನ್ ಗುಡುಗುಡು ಅನ್ನಿಸ್ತಿದ್ದ ಅಭ್ಯಾಸನೂ ಅವತ್ತೇ ಬಿಡಿಸಿದ್ರು. ಆ ಟ್ರಿಪ್ಪಿನ ಮೈಲೇಜ್ ಟ್ಯಾಂಕ್ ಫುಲ್ ಮಾಡಿ ಲೆಕ್ಕ ಹಾಕಿದ್ರೆ 20 ಚಿಲ್ರೆ, ಅದೇ ಮ್ಯಾಪು, ಅದೇ ಗಾಡಿ.

ಟೈರ್‌ಗೆ ನನ್ನ ಗಾಡಿ ಒರಿಜಿನಲ್ ಸೈಜ್ 165/80 ಆರ್14. ಟಾಪ್ ಮಾಡೆಲ್ ಝಡ್‌ಡಿಐಗೆ ಕಂಪನಿನೇ 185/65 ಆರ್15 ಕೊಡ್ತಿತ್ತು, ಲೆಕ್ಕ ಹಾಕಿದ್ರೆ ಎರಡರ ಒಟ್ಟು ಎತ್ತರಕ್ಕೆ ಎರಡು ಮಿಮೀ ಮಾತ್ರ ವ್ಯತ್ಯಾಸ, ಸ್ಪೀಡೋಮೀಟರ್ ಕೆಡಲ್ಲ, ಹಳೇ ಸ್ಟೆಪ್ನಿನೂ ನಡೆಯತ್ತೆ. ಹದಿನಾರು ಹದಿನೇಳು ಇಂಚು ಹಾಕಿಸಿ ಅಂತ ಅಂಗಡೀಲಿ ಆಸೆ ಹುಟ್ಟಿಸ್ತಾರೆ, ಈ ಎಂಜಿನ್‌ಗೆ ಅಷ್ಟು ಭಾರ ಹೊರಿಸಿದ್ರೆ ರೀಮ್ಯಾಪ್‌ನಲ್ಲಿ ಬಂದಿದ್ದು ಅಲ್ಲೇ ಹೋಗತ್ತೆ. ಶಿವಾಜಿನಗರದ ಗುಜರೀಲಿ ಝಡ್‌ಡಿಐದೇ ಅಲಾಯ್ ನಾಲ್ಕು 12,000ಕ್ಕೆ ಸಿಕ್ತು, ಖುಷಿಯಾಗಿ ತಂದು ಬ್ಯಾಲೆನ್ಸಿಂಗ್ ಮಷಿನ್ ಮೇಲೆ ಹಾಕಿದ್ರೆ ಒಂದರ ಅಂಚು ಮೇಲೆ ಕೆಳಗೆ ಕುಣೀತಿದೆ. ಬೆಂಡ್ ತೆಗ್ಸೋಕೆ 1,000. ಗುಜರೀಲಿ ತಗೊಳೋರು ದುಡ್ಡು ಕೊಡೋಕೆ ಮುಂಚೆ ಪಕ್ಕದ ಟೈರ್ ಅಂಗಡೀಲಿ ತಿರುಗಿಸಿ ನೋಡ್ತೀನಿ ಅನ್ನಿ, ಬೇಡ ಅಂದ್ರೆ ಬಿಟ್ಟು ಬನ್ನಿ. ಹೊಸ ಟೈರ್ ನಾಲ್ಕಕ್ಕೆ 20,800, ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ 1,200. ಜೊತೆಗೆ ಮುಂದಿನ ಬ್ರೇಕ್ ಪ್ಯಾಡು, ಡಾಟ್ 4 ಬ್ರೇಕ್ ಆಯಿಲ್ ಬದಲಾಯಿಸಿ 4,000. ಇಷ್ಟೂ ಖರ್ಚಲ್ಲಿ ಒಂದೇ ಒಂದನ್ನ ಉಳಿಸ್ಕೋ ಅಂದ್ರೆ ಟೈರೇ ಉಳಿಸ್ಕೋತೀನಿ.

ಇನ್ನೇನು ಮುಗೀತು ಅಂತ ಕೂತಿದ್ದೆ, ಆಗಸ್ಟಲ್ಲಿ ನೆಲಮಂಗಲ ಫ್ಲೈಓವರ್ ಹತ್ತೋವಾಗ ನಾಲ್ಕನೇ ಗೇರಲ್ಲಿ ಒತ್ತಿದ್ರೆ ಆರ್‌ಪಿಎಂ ಮುಳ್ಳು ಸರ್ರನೆ ಮೇಲೆ, ಸ್ಪೀಡ್ ಮುಳ್ಳು ಅಲ್ಲೇ. ಕ್ಲಚ್ ಸ್ಲಿಪ್. ಭಾಯ್ ಗೇರ್‌ಬಾಕ್ಸ್ ಇಳಿಸಿ ಪ್ಲೇಟ್ ಕೈಗೆ ಕೊಟ್ರು, ಒಂದು ಕಡೆ ಸವೆದು ರಿವೆಟ್ ಹೊಳೀತಿತ್ತು, ಸುಟ್ಟ ವಾಸನೆ ಕೈ ತೊಳೆದ್ರೂ ಹೋಗಿಲ್ಲ. 190ಕ್ಕೆ ಅಂತ ಮಾಡಿರೋ ಪ್ಲೇಟ್‌ಗೆ, ಅದೂ ಲಕ್ಷ ದಾಟಿರೋದಕ್ಕೆ, ಜಾಸ್ತಿ ಟಾರ್ಕ್ ಕೊಟ್ಟೆ, ಮೇಲೆ ನನ್ನ ಕಾಲ್ಮಣೆ ಅಭ್ಯಾಸ. ರೀಮ್ಯಾಪ್‌ದೆಷ್ಟು ತಪ್ಪು ಕಾಲಿಂದೆಷ್ಟು ಅಂತ ಕೇಳಿದ್ರೆ ಭಾಯ್ "ಫಿಫ್ಟಿ ಫಿಫ್ಟಿ ಸಾರ್" ಅಂತ ನಕ್ರು. ಸೆಟ್ 7,600, ಲೇಬರ್ 3,500, ಎರಡು ದಿನ ಗಾಡಿ ಇಲ್ಲ. ಲಕ್ಷ ಕಿಮೀ ದಾಟಿದ ಗಾಡಿಗೆ ರೀಮ್ಯಾಪ್ ಬಜೆಟ್ ಹಾಕೋರು ಕ್ಲಚ್ ದುಡ್ಡನ್ನೂ ಸೇರಿಸೇ ಲೆಕ್ಕ ಹಾಕಿ.

ಕಡೇದು ಇನ್ಶೂರೆನ್ಸ್. ಮಾಡಿಫಿಕೇಷನ್ ತಿಳಿಸ್ದೆ ಇದ್ರೆ ಕ್ಲೈಮ್ ಟೈಮಲ್ಲಿ ತಕರಾರು ತೆಗೀಬೋದು ಅಂತ ಮೇಲ್ ಹಾಕಿದೆ. ಅಲಾಯ್‌ದು ಬಿಲ್ ಕೇಳಿದ್ರು (ಗುಜರಿ ಬಿಲ್ಲು, ಕೈಬರಹದ್ದು, ಅದಕ್ಕೇ ಮೂರು ಸಲ ವಾಪಸ್ ಬಂತು), ಫೋಟೋ ಕೇಳಿದ್ರು, ಒಬ್ಬರು ಬಂದು ಗಾಡಿ ನೋಡ್ಕೊಂಡು ಹೋದ್ರು, 600 ಜಾಸ್ತಿ ಪ್ರೀಮಿಯಂ ಕಟ್ಟಿಸ್ಕೊಂಡ್ರು. ರೀಮ್ಯಾಪ್ ಅಂದ್ರೆ ಫೋನಲ್ಲಿದ್ದ ಹುಡುಗಿಗೆ ಅರ್ಥಾನೇ ಆಗ್ಲಿಲ್ಲ, ಮೇಲಲ್ಲಿ ಬರೆದು ಕಳಿಸಿ ಅಂದ್ಲು, ಕಳಿಸಿದೀನಿ, ಕಾಪಿ ಇಟ್ಕೊಂಡಿದೀನಿ. ಕಾನೂನು ವಿಷಯಕ್ಕೆ ಬಂದ್ರೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದೇ ಇರೋ ಹಂಗೆ ಗಾಡಿ ಬದಲಾಯಿಸೋ ಹಂಗಿಲ್ಲ, 2019 ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಅದಕ್ಕೇ ಬಾಡಿ, ಸೈಲೆನ್ಸರ್ ತಂಟೆಗೆ ನಾನು ಹೋಗ್ಲಿಲ್ಲ, ರೀಮ್ಯಾಪ್ ಮಾತ್ರ ನನ್ನ ರಿಸ್ಕು, ಎಡವಟ್ಟಾದ್ರೆ ಕೈಲಿ ಹಳೇ ಫೈಲ್ ಇದೆ.

ಈಗ ಗಾಡಿ 1,17,000 ಓಡಿದೆ. ಒಂದು ವಾರದಿಂದ ಬೆಳಿಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡಿದ್ರೆ ಎರಡು ಸೆಕೆಂಡ್ ಚೈನ್ ಆಡಿದಂಗೆ ಗಲಗಲ ಅನ್ನತ್ತೆ, ಆಮೇಲೆ ಸುಮ್ಮನಾಗತ್ತೆ. ಮೊಬೈಲಲ್ಲಿ ರೆಕಾರ್ಡ್ ಮಾಡಿ ಭಾಯ್‌ಗೆ ಕಳಿಸಿದೆ. "ಟೈಮಿಂಗ್ ಚೈನ್ ಇರ್ಬೋದು ಸಾರ್, ಸಂಡೇ ತನ್ನಿ, ರಾತ್ರಿನೇ ತಂದು ಬಿಡಿ, ಬೆಳಿಗ್ಗೆ ಕೋಲ್ಡಲ್ಲಿ ಕೇಳ್ಬೇಕು" ಅಂದಿದಾರೆ.